ಪಕ್ಕದ ಮನೆಯ ಅಜ್ಜಿಯ ರೇಷನ್ ಪುಸ್ತಕ

ಕೊವೆಂಟ್ರಿ, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯಕುಶಲೋಪರಿ.

ಯುದ್ಧ ಗೆದ್ದ ದೇಶಕ್ಕೆ ಬಡತನ ಎಲ್ಲಿಂದ ಬರಬೇಕು ಎಂದು ಕಳೆದ ಸಲ ಫೋನಿನಲ್ಲಿ ನೀವು ನಕ್ಕಿರಲ್ಲ, ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮೊನ್ನೆ ಪಕ್ಕದ ಮನೆಯ ಅಜ್ಜಿಯನ್ನು ಕೆದಕಿ ಕೇಳಿದೆ. ಅವರು ಇದೇ ಊರಿನಲ್ಲಿ 1941ರಲ್ಲಿ ಹುಟ್ಟಿದವರು. ಎಂದರೆ 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಬಾಂಬು ಸುರಿದು ಊರಿನ ನಡುಭಾಗವನ್ನೂ ಸೇಂಟ್ ಮೈಕಲ್ ಕೆಥೆಡ್ರಲನ್ನೂ ಸುಟ್ಟುಹಾಕಿದ ಮರುವರ್ಷ. ಹಾಗಾಗಿ ಹಾಳುಬಿದ್ದ ಊರೇ ಅವರ ಪಾಲಿಗೆ ಊರಾಗಿತ್ತು. ದೊಡ್ಡವರು ಎಷ್ಟು ಬೈದರೂ ಕೇಳದೆ, ಇಟ್ಟಿಗೆ ರಾಶಿಗಳ ಮೇಲೆ ಆಳೆತ್ತರ ಬೆಳೆದ ನಸುಗೆಂಪು ಹೂವಿನ ಗಿಡಗಳ ಮರೆಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದರಂತೆ.

ನನಗೆ ಆಶ್ಚರ್ಯವಾದದ್ದು ಬ್ರೆಡ್ಡಿನ ವಿಷಯ. ಯುದ್ಧ ನಡೆಯುತ್ತಿದ್ದಾಗ ಇಲ್ಲಿ ಬ್ರೆಡ್ಡಿಗೆ ರೇಷನ್ ಇರಲಿಲ್ಲ. ಗೆದ್ದ ಮೇಲೆ, 1946ರ ಜುಲೈನಲ್ಲಿ ಬಂತು, ಎರಡು ವರ್ಷ ಇತ್ತು. ಜಗತ್ತಿನಲ್ಲೆಲ್ಲ ಗೋಧಿಗೆ ಕೊರತೆ, ಸಾಲದ್ದಕ್ಕೆ ತಾವೇ ಸೋಲಿಸಿದ ಜರ್ಮನಿಯ ಜನಕ್ಕೂ ಉಣಿಸಬೇಕಾಗಿತ್ತು. ಅಜ್ಜಿ ಇಂದಿಗೂ ಬ್ರೆಡ್ಡಿನ ಅಂಚನ್ನು ಎಸೆಯದೆ ಒಣಗಿಸಿ ಪುಡಿಮಾಡಿ ಡಬ್ಬಿಗೆ ತುಂಬುವುದನ್ನು ಜಿಪುಣತನವೆಂದುಕೊಂಡಿದ್ದೆ.

ಅದೇ ವರ್ಷ ಶಾಲೆಗಳಲ್ಲಿ ಪ್ರತಿ ಮಗುವಿಗೂ ಪುಕ್ಕಟೆ ಹಾಲು ಕೊಡಲು ಶುರುಮಾಡಿದರು, ದಿನಕ್ಕೆ ಸುಮಾರು 190 ಮಿಲಿಲೀಟರಿನ ಪುಟ್ಟ ಬಾಟಲಿ. 1947ರ ಘೋರ ಚಳಿಯಲ್ಲಿ ಆ ಹಾಲು ಹೆಪ್ಪುಗಟ್ಟಿ, ಬಾಟಲಿಯ ಮುಚ್ಚಳವನ್ನು ಎತ್ತಿಕೊಂಡು ಬೆರಳಿನಂತೆ ಮೇಲೆ ನಿಲ್ಲುತ್ತಿತ್ತಂತೆ. ಟೀಚರು ಬಾಟಲಿಗಳನ್ನು ಒಲೆಯ ಪಕ್ಕದಲ್ಲಿ ಸಾಲಾಗಿಟ್ಟು ಕರಗಿಸಿ, ಉಗುರುಬೆಚ್ಚಗಿನ ಆ ಹಾಲನ್ನು ತಮ್ಮ ಕಣ್ಣೆದುರೇ ಕುಡಿಸುತ್ತಿದ್ದರು. ನಾನು ಅಕ್ಕರೆಯಿಂದ ಮಾಡಿಕೊಟ್ಟ ಬಾದಾಮಿ ಹಾಲನ್ನು ಅಜ್ಜಿ ಮೂಸಿಯೂ ನೋಡದಿದ್ದ ಗುಟ್ಟು ಆಗ ತಿಳಿಯಿತು.

ಎಲ್ಲರಿಗೂ ಸಮನಾಗಿ ಹಂಚಿದ್ದರಿಂದ ಯಾರೂ ಉಪವಾಸ ಬೀಳಲಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳುವಾಗ, 1943ರಲ್ಲಿ ಇವರದೇ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತದ್ದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗ ಎರಡು ವರ್ಷದ ಕೂಸಾಗಿದ್ದವರನ್ನು ಅದಕ್ಕೆ ಹೊಣೆ ಮಾಡುವುದು ಹೇಗೆಂದು ಸುಮ್ಮನಾದೆ.

ಮಿಠಾಯಿಯ ಕಥೆ ಮಾತ್ರ ಅವರೇ ಎದ್ದುಹೋಗಿ ಬಿಸ್ಕತ್ತಿನ ಡಬ್ಬಿ ತಂದು ಹೇಳಿದರು. 1949ರ ಏಪ್ರಿಲ್‌ನಲ್ಲಿ ಮಿಠಾಯಿಗೆ ರೇಷನ್ ತೆಗೆದರಂತೆ. ಜನ ಮುಗಿಬಿದ್ದು ಅಂಗಡಿಗಳೆಲ್ಲ ಬರಿದಾಗಿ, ಆಗಸ್ಟಿನಲ್ಲಿ ಮತ್ತೆ ರೇಷನ್ ಹೇರಿದರು. ತಾನು ಸಾಲಿನಲ್ಲಿ ನಿಂತು ನಿಂತು ಮುಂದೆ ತಲುಪುವಷ್ಟರಲ್ಲಿ ಗಾಜಿನ ಭರಣಿಯ ತಳದಲ್ಲಿ ಸಕ್ಕರೆಯ ಪುಡಿಯಷ್ಟೇ ಉಳಿದಿತ್ತೆಂದು ಹೇಳುವಾಗ ಆ ಎಂಟು ವರ್ಷದ ಹುಡುಗಿಯ ಸಿಟ್ಟು ಅವರ ಮುಖದ ಮೇಲೆ ಇನ್ನೂ ಇತ್ತು. ಕೊನೆಗೆ 1953ರ ಫೆಬ್ರವರಿ 5ರಂದು ಆ ರೇಷನ್ ಹೋಯಿತು. ಮಾಂಸವೂ ಸೇರಿ ಉಳಿದದ್ದೆಲ್ಲ ಮುಗಿದದ್ದು 1954ರ ಜುಲೈನಲ್ಲಿ. ಡಬ್ಬಿಯಲ್ಲಿದ್ದ ಪುಸ್ತಕದಲ್ಲಿ ಮಿಠಾಯಿಯ ಕೂಪನ್ನುಗಳು ಒಂದಷ್ಟು ದೂರ ಕತ್ತರಿಯ ಬಾಯಿಗೆ ಸಿಕ್ಕಿ, ಆಮೇಲಿನವು ಹಾಗೆಯೇ ಉಳಿದಿವೆ. ಆ ಉಳಿದ ಚೂರುಗಳ ಮೇಲೆ ಅವರು ಬೆರಳಾಡಿಸುತ್ತ ಕುಳಿತಿದ್ದರು.

ನಮ್ಮೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಯ ಡಬ್ಬ ಸಾಲಿನಲ್ಲಿಟ್ಟು ನಾನು ಆಡಲು ಹೋಗುತ್ತಿದ್ದುದನ್ನು ಹೇಳಿದರೆ ಅವರು ನಂಬುತ್ತಿಲ್ಲ. ನಮ್ಮ ಹಳೆಯ ರೇಷನ್ ಕಾರ್ಡು ಅಟ್ಟದ ಪೆಟ್ಟಿಗೆಯಲ್ಲಿದ್ದರೆ ಫೋಟೋ ತೆಗೆಸಿ ಕಳುಹಿಸಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಮಗಳು