ಸಂಡೂರಿನ ಘೋರ್ಪಡೆಯವರನ್ನು ಬಿಟ್ಟಿದ್ದೇಕೆ?

ಸಂಪಾದಕರಿಗೆ ನಮಸ್ಕಾರ.

ರಾಜಕೀಯಕ್ಕೆ ಬಂದ ರಾಜಮನೆತನದವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಮೈಸೂರು ಇತ್ತು, ಗ್ವಾಲಿಯರ್ ಇತ್ತು, ಜೈಪುರವೂ ಇತ್ತು. ಹೊಸಪೇಟೆ ದಾಟಿದರೆ ಸಿಗುವ ಸಂಡೂರು ಮಾತ್ರ ಇರಲಿಲ್ಲ. ಅಲ್ಲಿನ ರಾಜಮನೆತನದಿಂದ ಬಂದು ಮಂತ್ರಿಯಾದ ಎಂ.ವೈ. ಘೋರ್ಪಡೆಯವರ ಹೆಸರು ಒಂದು ಸಾಲಿನಲ್ಲೂ ಇಲ್ಲ ಅಂದ್ರೆ ಹೇಗೆ? ನನ್ನ ತವರು ಗಜೇಂದ್ರಗಡ. ಅಲ್ಲೂ ಹಿಂದೆ ಘೋರ್ಪಡೆ ಮನೆತನದ್ದೇ ಆಳ್ವಿಕೆ. ಅದಕ್ಕೇ ಈಕೆ ಬರೆಯುತ್ತಿದ್ದಾಳೆ ಅಂದುಕೊಳ್ಳಬೇಡಿ. ನಾನು ಗ್ರಾಮ ಪಂಚಾಯತಿ ಸದಸ್ಯೆಯಾಗಿದ್ದವಳು, ಅದಕ್ಕೆ ಬರೆಯುತ್ತಿದ್ದೇನೆ.

1993ರಲ್ಲಿ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಮೊಯಿಲಿಯವರು ಮುಖ್ಯಮಂತ್ರಿ, ಆ ಖಾತೆಯ ಸಚಿವರು ಘೋರ್ಪಡೆ. 400 ಜನಕ್ಕೆ ಒಬ್ಬ ಸದಸ್ಯ, ಮೂರರಲ್ಲಿ ಒಂದು ಸೀಟು ಹೆಂಗಸರಿಗೆ. ಅದೇ ಡಿಸೆಂಬರಿನಲ್ಲಿ ಚುನಾವಣೆ. ಆಗ ಗದಗ ಜಿಲ್ಲೆಯೇ ಇರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರು. ಶಿರಹಟ್ಟಿ ತಾಲ್ಲೂಕಿನ ನಮ್ಮೂರಿಗೆ ಮಹಿಳಾ ಸೀಟು ಬಂತು. ಮನೆಯವರು ನಿಲ್ಲು ಅಂದರು, ನಿಂತೆ, ಗೆದ್ದೆ.

ಮೊದಮೊದಲು ಸಭೆಗೆ ಹೋಗುತ್ತಿದ್ದವರು ನಮ್ಮ ಯಜಮಾನರು. ಠರಾವು ಪುಸ್ತಕ ಮನೆಗೆ ಬರುತ್ತಿತ್ತು. ತಂದವರು ಪೆನ್ನು ಸಿಕ್ಕಿಸಿದ ಪುಟ ತೆಗೆದು ‘ಅಕ್ಕಾರ, ಇಲ್ಲೊಂದು ಸಹಿ’ ಅನ್ನುತ್ತಿದ್ದರು. ಒಂದು ಸಲ ನೋಡಿದರೆ ಸಹಿ ಜಾಗದ ಮೇಲೆ ಅರ್ಧ ಪುಟ ಖಾಲಿ! ‘ಇದೇನ್ರಿ ಖಾಲಿ?’ ಅಂದೆ. ‘ಆಮ್ಯಾಲೆ ಬರ್ಕೋತೀವ್ರಿ’ ಅಂದರು. ‘ಹಂಗಾದ್ರ ಬರ್ಕೊಂಡ್ ತರ್ರಿ, ಓದಿ ಸಹಿ ಮಾಡ್ತೀನಿ.’ ಮುಂದಿನ ಸಭೆಗೆ ನಾನೇ ಹೋದೆ. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಬಾಗಿಲ ಹತ್ತಿರ ಜಮಖಾನೆ ಮೇಲೆ. ನಮಗೂ ಕುರ್ಚಿ ಬರಲಿಕ್ಕೆ ಸಾಕಷ್ಟು ದಿನ ಹಿಡಿಯಿತು. ಆದರೆ ಕೆಳಗಿನ ಓಣಿಗೆ ಬೋರ್‌ವೆಲ್ ಅಂತ ಠರಾವಿನಲ್ಲಿ ಬರೆಸಿದ್ದು ಜಮಖಾನೆ ಮೇಲೆ ಕೂತೇ.

ಇದೆಲ್ಲ ಘೋರ್ಪಡೆಯವರೊಬ್ಬರದೇ ಪುಣ್ಯ ಅಂತ ನಾನು ಹೇಳಲ್ಲ. ಅವರಿಗಿಂತ ಮೊದಲು ಇದೇ ಖಾತೆಯಲ್ಲಿ ಮಂತ್ರಿ ನಜೀರ್ ಸಾಬರಿದ್ದರು. 1987ರ ಮಂಡಲ ಪಂಚಾಯತಿಯಲ್ಲೇ (ಗ್ರಾಮ ಪಂಚಾಯತಿಗಿಂತ ಮೊದಲಿದ್ದದ್ದು) ಹೆಂಗಸರಿಗೆ ನೂರಕ್ಕೆ 25 ಸೀಟು ಕೊಟ್ಟವರು. ಅವರ ಕಾಲದಲ್ಲಿ ಜಿಲ್ಲಾ ಪರಿಷತ್ತಿಗೆ ಜಾಸ್ತಿ ಅಧಿಕಾರ ಇತ್ತು, 1993ರ ಕಾಯ್ದೆ ಅದನ್ನು ಮೊಟಕು ಮಾಡಿತು ಅನ್ನುವವರಿದ್ದಾರೆ. ಆ ಮಾತೂ ಸುಳ್ಳಲ್ಲ. ಪಂಚಾಯತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿಯೂ ಆಗಲೇ ಬಂದಿತ್ತು. ಆದರೂ ನಮ್ಮ ಹಳ್ಳಿಯಲ್ಲಿ ಇವತ್ತಿಗೂ ನಡೆಯುತ್ತಿರುವುದು ಘೋರ್ಪಡೆಯವರ ಕಾಲದ ಕಾಯ್ದೆಯೇ. ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲೂ ಮತ್ತೆ ಅದೇ ಖಾತೆ ಹಿಡಿದರು. ಅಷ್ಟು ಓದಿದವರು ಹಳ್ಳಿಯ ಖಾತೆಗೆ ಅಂಟಿಕೊಂಡಿದ್ದು ನನಗೆ ಆಶ್ಚರ್ಯ. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿದವರು. 1971ರಲ್ಲಿ ಇಂದಿರಾ ಗಾಂಧಿ ಹಳೆಯ ರಾಜಮನೆತನಗಳಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಲ್ಲಿಸಿದರು. ಮರುವರ್ಷ ಈ ರಾಜಕುಮಾರರು ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ!

ಮನೆತನದ ಲೆಕ್ಕ ಸ್ವಲ್ಪ ಗೊಂದಲದ್ದೇ. ತಂದೆ ಯಶವಂತರಾವ್ 1932ರಲ್ಲಿ ಸಂಡೂರಿನ ಕುಮಾರಸ್ವಾಮಿ ಗುಡಿಯನ್ನು ದಲಿತರಿಗೆ ತೆರೆದರು, ಗುಡಿ ಪ್ರವೇಶಕ್ಕೆ ಹೆಸರಾದ ಕೇರಳದ ತಿರುವಾಂಕೂರಿಗಿಂತ ನಾಲ್ಕು ವರ್ಷ ಮೊದಲೇ. ಆದರೆ ಅದೇ ಗುಡಿಯ ಇನಾಂ ಭೂಮಿಗಾಗಿ 1973ರಲ್ಲಿ ರೈತರು ಸಮಾಜವಾದಿಗಳ ಜತೆ ಸೇರಿ ಇದೇ ಮನೆತನದ ವಿರುದ್ಧ ಸತ್ಯಾಗ್ರಹ ಮಾಡಿದರು. ಮಗ ಆಗ ಮಂತ್ರಿ. ಉಳುವವನಿಗೆ ಭೂಮಿ ಅನ್ನುತ್ತಿದ್ದ ಸರ್ಕಾರದಲ್ಲೇ! ಮನೆತನದ್ದು ಮ್ಯಾಂಗನೀಸ್ ಗಣಿ. ಇವರು ಹೆಸರು ಮಾಡಿದ್ದು ಕಾಡುಪ್ರಾಣಿಗಳ ಕಪ್ಪು-ಬಿಳುಪು ಫೋಟೊಗಳಿಗೆ. ಕಪ್ಪತಗುಡ್ಡದ ಗಣಿಗಾರಿಕೆ ವಿರುದ್ಧ ಬೀದಿಗಿಳಿದ ಜಿಲ್ಲೆಯವರು ನಾವು. ನಮಗೆ ಇವೆರಡೂ ಒಟ್ಟಿಗೆ ಜೀರ್ಣವಾಗುವುದು ಕಷ್ಟ. ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಸುಮ್ನೆ ಹೊಗಳಿ ಅಂತ ನಾನು ಕೇಳುತ್ತಿಲ್ಲ. 2011ರಲ್ಲಿ ತೀರಿಕೊಂಡವರಿಗೆ ಹೊಗಳಿಕೆ ಕಟ್ಟಿಕೊಂಡು ಏನಾಗಬೇಕು?

ಆದರೆ ಬರೆಯುವಾಗ ಇನ್ನೊಂದನ್ನೂ ಕೇಳಿ. ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗೆ ನಾವು ಕೊನೆಯ ಸಲ ಮತ ಹಾಕಿದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳದ್ದೇ ಕಾರಭಾರ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಇದೆ, ಅಲ್ವಾ? ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಕಾರಣಕ್ಕೇನೂ ಬರವಿಲ್ಲ. 2023ರಲ್ಲಿ ಸರ್ಕಾರವೇ ಬದಲಾಯಿತು, ಕಾರಣಗಳು ಬದಲಾಗಲಿಲ್ಲ. ಶಾಸಕರ ಚುನಾವಣೆ ಮಾತ್ರ ಒಂದು ದಿನವೂ ತಡವಾಗಲಿಲ್ಲ ನೋಡಿ. ಗದಗ, ಹಾವೇರಿ, ಧಾರವಾಡದ ಶಾಸಕರನ್ನೆಲ್ಲ ಇದೊಂದು ಪ್ರಶ್ನೆ ಕೇಳಿ, ಅವರವರ ಉತ್ತರವನ್ನು ಹೆಸರು ಸಮೇತ ಅಚ್ಚು ಹಾಕಿ.

— ಮಾಜಿ ಗ್ರಾಮ ಪಂಚಾಯತಿ ಸದಸ್ಯೆ, ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ