ನ್ಯೂಟ್ ಮರಿಗಳಿಗೆ ಮೀನಿನ ಔಷಧಿ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ನ್ಯೂಟ್ ಎಂಬ ಹಲ್ಲಿಯಂಥ ಉಭಯವಾಸಿಯನ್ನು ಸಾಕುವ ಬಗ್ಗೆ ಬಂದ ಬರಹ ಓದಿದೆ. ಚಿತ್ರಗಳು ತುಂಬಾ ಚೆನ್ನಾಗಿದ್ದವು. ಆದರೆ ಅದರಲ್ಲಿದ್ದ ಎರಡು ಮಾತುಗಳನ್ನು ಓದಿ ಸುಮ್ಮನಿರಲು ಆಗಲಿಲ್ಲ. ಮೀನು ಸಾಕಿ ಅಭ್ಯಾಸ ಇದ್ದವರಿಗೆ ಇದು ಸುಲಭ ಅನ್ನುವುದು ಒಂದು. ಮರಿಗಳು ಮಂಕಾಗಿ ಊಟ ಬಿಟ್ಟರೆ ಅಕ್ವೇರಿಯಂ ಅಂಗಡಿಯ ಮೀನಿನ ಔಷಧಿಯನ್ನೇ ಹಾಕಿ ಅನ್ನುವುದು ಇನ್ನೊಂದು. ಈ ಎರಡನೆಯ ಸಲಹೆ ಪಾಲಿಸಿದರೆ ಬದುಕಬಹುದಾದ ಮರಿಗಳೂ ಸಾಯುತ್ತವೆ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಆದರೂ ದಯವಿಟ್ಟು ಪೂರ್ತಿ ಹಾಕಿ.

ನಾನು ತೀರ್ಥಹಳ್ಳಿ ಕಡೆಯವಳು. ಈಗ ಇರುವುದು ಜರ್ಮನಿಯ ಎಸ್ಸೆನ್‌ನಲ್ಲಿ. ಇಲ್ಲಿ ಸಾಕಣೆಯಲ್ಲೇ ಹುಟ್ಟಿದ ಚೀನಾದ ಕೆಂಪು ಹೊಟ್ಟೆಯ ನ್ಯೂಟ್‌ಗಳನ್ನು ಮೊಟ್ಟೆಯಿಂದ ಬೆಳೆಸುತ್ತಾ ಬಂದಿದ್ದೇನೆ. ವಿಜ್ಞಾನದಲ್ಲಿ ಇದಕ್ಕೆ ಸೈನಾಪ್ಸ್ ಓರಿಯೆಂಟಾಲಿಸ್ ಅನ್ನುತ್ತಾರೆ. ಬೆನ್ನು ಕಪ್ಪು, ಹೊಟ್ಟೆ ಕಿತ್ತಳೆ ಕೆಂಪು, ದೊಡ್ಡದಾದರೆ 6ರಿಂದ 10 ಸೆಂಟಿಮೀಟರ್ ಉದ್ದ. ನೋಡಲು ಹಲ್ಲಿಯ ಹಾಗಿದ್ದರೂ ಇದು ಕಪ್ಪೆಯ ಬಳಗದ್ದು. ಚರ್ಮದಲ್ಲಿ ವಿಷವೂ ಇದೆ, ಹಾಗಾಗಿ ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು. ಇದನ್ನು ನಿಮ್ಮ ಬರಹದಲ್ಲಿ ಹೇಳಿರಲಿಲ್ಲ, ಮಕ್ಕಳಿರುವ ಮನೆಗೆ ಮೊದಲು ಹೇಳಬೇಕಾದದ್ದೇ ಅದು ಅಲ್ವಾ?

ಮೊಟ್ಟೆಯ ಹಂತ ಅಷ್ಟು ಕಷ್ಟದ್ದಲ್ಲ. ತಾಯಿ ಒಂದೊಂದೇ ಮೊಟ್ಟೆಯನ್ನು ನೀರುಗಿಡದ ಎಲೆಯಲ್ಲಿ ಮಡಿಸಿ ಇಡುತ್ತದೆ. ದೊಡ್ಡ ನ್ಯೂಟ್‌ಗಳು ಸಿಕ್ಕ ಮೊಟ್ಟೆಗಳನ್ನು ತಿಂದುಬಿಡುತ್ತವೆ, ಆದ್ದರಿಂದ ಎಲೆ ಸಮೇತ ಬೇರೆ ಡಬ್ಬಿಗೆ ಹಾಕಬೇಕು. ಕೆಲವು ಮೊಟ್ಟೆ ಬಿಳಿಯಾಗಿ ಬೂಷ್ಟು ಹಿಡಿಯುತ್ತವೆ, ಅವನ್ನು ತೆಗೆದರೆ ಆಯಿತು. ಯುರೋಪಿನ ಜುಟ್ಟಿನ ನ್ಯೂಟ್‌ಗಳಲ್ಲಂತೂ ಏನು ಮಾಡಿದರೂ ಅರ್ಧದಷ್ಟು ಮೊಟ್ಟೆ ಒಳಗೇ ಸಾಯುತ್ತವೆ, ಅವುಗಳ 1ನೇ ಕ್ರೋಮೋಸೋಮ್‌ನಲ್ಲೇ ಅಂಥ ತೊಡಕಿದೆ. ಅದಕ್ಕೆ ಸಾಕುವವರು ತಮ್ಮನ್ನು ಬೈದುಕೊಳ್ಳಬೇಕಾಗಿಲ್ಲ.

ಮೊಟ್ಟೆಯಿಂದ ಬಂದ ಮರಿ ಸುಮಾರು 1 ಸೆಂಟಿಮೀಟರ್ ಇರುತ್ತದೆ. ತಲೆಯ ಎರಡೂ ಪಕ್ಕ ಗರಿಗರಿಯಾದ ಕಿವಿರು ಹೊರಗೇ ಚಾಚಿಕೊಂಡಿರುತ್ತದೆ. ಕಪ್ಪೆಯ ಗೊದಮೊಟ್ಟೆಗೆ ಮೊದಲು ಕಾಣುವುದು ಹಿಂಗಾಲು, ಇದಕ್ಕೆ ಮೊದಲು ಮುಂಗಾಲು. ಗೊದಮೊಟ್ಟೆ ಪಾಚಿ ಕೆರೆದು ತಿನ್ನುತ್ತದೆ, ಇದು ಹುಟ್ಟಿದಾಗಿನಿಂದಲೇ ಬೇಟೆಗಾರ. ಅಲುಗಾಡುವ ಜೀವವನ್ನು ಮಾತ್ರ ಹಿಡಿಯುತ್ತದೆ. ಮೀನಿನ ಒಣ ಆಹಾರ ಹಾಕಿದರೆ ಅದು ತಳದಲ್ಲಿ ಕೊಳೆತು ನೀರು ಕೆಡುತ್ತದೆಯೇ ಹೊರತು ಮರಿಯ ಹೊಟ್ಟೆಗೆ ಹೋಗುವುದಿಲ್ಲ. ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯಂಥ ಜೀವಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಹಾಕಿದರೆ ಒಂದು ಒಂದೂವರೆ ದಿನದಲ್ಲಿ ಸಣ್ಣ ಸಣ್ಣ ಮರಿಗಳು ಬರುತ್ತವೆ, ಅವನ್ನು ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಆಮೇಲೆ ಡಾಫ್ನಿಯಾ ಎಂಬ ನೀರಿನ ಸಣ್ಣ ಜೀವಿ, ಇನ್ನೂ ದೊಡ್ಡದಾದ ಮೇಲೆ ಕತ್ತರಿಸಿದ ಹುಳು. ದಿನಾ ತಿನ್ನಿಸಬೇಕು, ದಿನಾ ಕಸ ತೆಗೆಯಬೇಕು. ಹಸಿದ ಮರಿಗಳು ಒಂದರ ಕಾಲನ್ನು ಇನ್ನೊಂದು ಕಚ್ಚುತ್ತವೆ. ಕಾಲು ಮತ್ತೆ ಬೆಳೆಯುತ್ತದೆ, ಇಟಲಿಯ ವಿಜ್ಞಾನಿ ಸ್ಪಲ್ಲಂಝಾನಿ 1768ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆದರೆ ಆ ಗಾಯದಲ್ಲಿ ಬೂಷ್ಟು ಕೂತರೆ ಬೆಳೆಯುವ ತನಕ ಮರಿ ಉಳಿಯುವುದೇ ಕಷ್ಟ.

ನಾನು ಹೇಳಲು ಹೊರಟಿದ್ದು ಇದರ ಮುಂದಿನ ಹಂತ. ಮೂರು ನಾಲ್ಕು ತಿಂಗಳಾದಾಗ ಮರಿ ನೀರು ಬಿಡಲು ಶುರು ಮಾಡುತ್ತದೆ. ಕಿವಿರು ದಿನದಿಂದ ದಿನಕ್ಕೆ ಗಿಡ್ಡವಾಗುತ್ತದೆ. ಬಾಲದ ಮೇಲಿನ ತೆಳು ಪರೆ ಕರಗುತ್ತದೆ. ಚರ್ಮ ಕಪ್ಪಾಗಿ ಒರಟಾಗುತ್ತದೆ, ಕಣ್ಣಿಗೆ ರೆಪ್ಪೆ ಬರುತ್ತದೆ. ಮರಿ ನೀರಿನ ಮೇಲ್ಭಾಗದಲ್ಲಿ ತೂಗಾಡುತ್ತಾ ಇರುತ್ತದೆ, ತಿನ್ನುವುದು ಬಿಡುತ್ತದೆ. ಇದೆಲ್ಲಾ ಕಾಯಿಲೆ ಅಲ್ಲ. ಬೆಂಗಳೂರಿನ ಪರಿಚಯದ ಹುಡುಗನೊಬ್ಬ ಒಂದು ರಾತ್ರಿ ಗಾಬರಿಯಿಂದ ಫೋನ್ ಮಾಡಿದ್ದ. "ಅಕ್ಕಾ, ಮರಿಗಳ ಕಿವಿರೇ ಕರಗ್ತಾ ಇದೆ, ಏನೂ ತಿಂತಾ ಇಲ್ಲ. ಅಂಗಡಿಯವ್ರು ಹಸಿರು ಔಷಧಿ ಕೊಟ್ಟಿದಾರೆ, ಹಾಕ್ಲಾ?" ಹಾಕಬೇಡ ಅಂದೆ. ನೀರು ಕಡಿಮೆ ಮಾಡು, ಹತ್ತಲು ಜಾಗ ಕೊಡು ಅಂದೆ. ಅವನ ಮರಿಗಳಿಗೆ ಆಗ ಏನೂ ಆಗಿರಲಿಲ್ಲ, ಬೆಳೆಯುತ್ತಿದ್ದವು ಅಷ್ಟೇ.

ಆದರೆ ನಿಜವಾದ ಕಾಯಿಲೆ ಬರುವುದೂ ಇದೇ ವಾರಗಳಲ್ಲಿ, ಅದೂ ಸತ್ಯ. ಮನೆಯೊಳಗೆ ಇದ್ದುಕೊಂಡೇ ಮನೆ ಕೆಡವಿ ಕಟ್ಟಿದ ಹಾಗೆ, ಮರಿ ಬದುಕಿರುವಾಗಲೇ ಅದರ ದೇಹ ಬಿಚ್ಚಿ ಹೊಸದಾಗುತ್ತಿರುತ್ತದೆ. ಇದನ್ನೆಲ್ಲಾ ನಡೆಸುವುದು ಥೈರಾಯ್ಡ್ ಹಾರ್ಮೋನು. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದಾಗ ಅವು ಬೇಗ ಬೇಗ ಕಪ್ಪೆಯಾಗಿ ಬದಲಾದವು, ಆಗಲೇ ಇದು ತಿಳಿದದ್ದು. ಜೊತೆಗೆ ಒತ್ತಡದ ಹಾರ್ಮೋನೂ ಏರುತ್ತದೆ. ಆಫ್ರಿಕಾದ ಕ್ಸೆನೋಪಸ್ ಕಪ್ಪೆಗಳಲ್ಲಿ ನೋಡಿದಾಗ, ಈ ಸಮಯದಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೇ ದೊಡ್ಡ ಪ್ರಮಾಣದಲ್ಲಿ ಇಲ್ಲವಾಗುತ್ತವೆ, ಹಳೆಯವು ಹೋಗಿ ಹೊಸವು ಬರಬೇಕು. ಆ ನಡುವಿನ ದಿನಗಳಲ್ಲಿ ಬೇರೆ ಸಮಯದಲ್ಲಿ ಏನೂ ಮಾಡದ ರೋಗಾಣುವೂ ಮರಿಯನ್ನು ಕೊಲ್ಲುತ್ತದೆ. ನ್ಯೂಟ್ ಸಾಕುವವರು ನೋಡುವುದೂ ಇದನ್ನೇ. ತಿಂಗಳುಗಟ್ಟಲೆ ಚೆನ್ನಾಗಿದ್ದ ಮರಿಗಳು ಈ ಹಂತದಲ್ಲಿ ಒಂದೊಂದಾಗಿ ಹೋಗುತ್ತವೆ.

ಹಾಗಾದರೆ ಕಾಯಿಲೆ ಅಂತ ಗುರುತಿಸುವುದು ಹೇಗೆ? ಕಿವಿರಿನಲ್ಲೋ ಕಚ್ಚಿದ ಗಾಯದಲ್ಲೋ ಹತ್ತಿಯಂಥ ಬಿಳಿ ಎಳೆ ಕಂಡರೆ ಅದು ನೀರಿನ ಬೂಷ್ಟು, ಸ್ಯಾಪ್ರೊಲೆಗ್ನಿಯಾ. ಹೊಟ್ಟೆಯ ಮೇಲೆ, ತೊಡೆಯ ಒಳಗೆ ರಕ್ತ ಕಟ್ಟಿದ ಹಾಗೆ ಕೆಂಪಾದರೆ ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿರಬಹುದು. ಇದು ಅವಸರದ ವಿಷಯ. ಮೈಯೆಲ್ಲಾ ನೀರು ತುಂಬಿ ಊದಿಕೊಂಡರೆ ಕಿಡ್ನಿ ಸೋತಿದೆ ಅಂತ ಅರ್ಥ ಇರಬಹುದು, ಯಾಕಂದರೆ ಸಿಹಿನೀರಿನಲ್ಲಿ ಇವುಗಳ ಚರ್ಮದ ಮೂಲಕ ನೀರು ಒಳಗೆ ಬರುತ್ತಲೇ ಇರುತ್ತದೆ, ಅದನ್ನು ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಇಂಥ ಊತಕ್ಕೆ ವೈದ್ಯರು ಉಭಯವಾಸಿಗಳಿಗಾಗಿ ಲವಣ ಹದ ಮಾಡಿದ ರಿಂಗರ್ ದ್ರಾವಣದಲ್ಲಿ ಇಡಲು ಹೇಳುತ್ತಾರೆ. ಚರ್ಮದಲ್ಲಿ ಸಣ್ಣ ಹುಣ್ಣು, ಪೊರೆ ಬಿಡಲಾಗದೆ ಒದ್ದಾಡುವುದು, ಇವು ಇನ್ನೂ ಕೆಟ್ಟ ಸೂಚನೆ, ಅದಕ್ಕೆ ಮುಂದೆ ಬರುತ್ತೇನೆ.

ಇವುಗಳಲ್ಲಿ ಯಾವುದಕ್ಕೂ ಮೀನಿನ ಔಷಧಿ ಮದ್ದಲ್ಲ. ಅಂಗಡಿಯ ಬಾಟಲಿಗಳಲ್ಲಿ ಮ್ಯಾಲಕೈಟ್ ಗ್ರೀನ್, ಫಾರ್ಮಾಲಿನ್, ತಾಮ್ರದ ಲವಣ ಇಂಥವು ಇರುತ್ತವೆ. ಮೀನಿಗೆ ಹುರುಪೆಗಳ ರಕ್ಷಣೆ ಇದೆ. ನ್ಯೂಟ್ ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಕುಡಿಯುತ್ತದೆ. ನೀರಿನಲ್ಲಿ ಏನಿದೆಯೋ ಅದು ನೇರ ಮೈಯೊಳಗೆ ಹೋಗುತ್ತದೆ. ಮೊದಲೇ ಸೊರಗಿದ ಮರಿಗೆ ಅದು ತಡೆಯುವುದಿಲ್ಲ. ಕಾಯಿಲೆಗೆ ಆಂಟಿಬಯೋಟಿಕ್ ಬೇಕಾದರೆ ಅದನ್ನು ತೂಕ ನೋಡಿ, ರೋಗ ನೋಡಿ ಕೊಡಬೇಕಾದವರು ಪಶುವೈದ್ಯರು. ಅರ್ಧ ಗ್ರಾಂ ತೂಗದ ಪ್ರಾಣಿಗೆ ಕಣ್ಣಂದಾಜಿನಲ್ಲಿ ಪುಡಿ ಉದುರಿಸುವುದು ಚಿಕಿತ್ಸೆಯೇ ಅಲ್ಲ.

ಮರಿ ಉಳಿಯುವುದು ಹೆಚ್ಚಾಗಿ ತಂಪು, ಶುದ್ಧ ನೀರು ಮತ್ತು ನೆಮ್ಮದಿಯಿಂದ. ಮಂಕಾದ ಮರಿಯನ್ನು ಆ ಕ್ಷಣವೇ ಬೇರೆ ಮಾಡಿ. ಸಣ್ಣ ಡಬ್ಬಿ ಸಾಕು, ಪ್ರತಿ ಮರಿಗೂ ಬೇರೆ ಬೇರೆ. ಮೈ ಮುಳುಗುವಷ್ಟು ಮಾತ್ರ ನೀರು, ಒಂದು ಬದಿಗೆ ಒದ್ದೆ ಮಾಡಿದ ಬಿಳಿ ಪೇಪರ್ ಟವಲ್. ಕಿವಿರು ಕರಗಿದ ಮೇಲೆ ಹತ್ತಲು ಜಾಗ ಸಿಗದಿದ್ದರೆ ನ್ಯೂಟ್ ಮರಿ ನೀರಿನಲ್ಲೇ ಮುಳುಗಿ ಸಾಯುತ್ತದೆ. ಇದನ್ನು ನಂಬದೆ ಆಳದ ತೊಟ್ಟಿಯಲ್ಲೇ ಬಿಟ್ಟು ಆಮೇಲೆ ರೋಗ ಅಂದುಕೊಂಡವರು ಜಾಸ್ತಿ. ನೀರನ್ನು ದಿನಾ ಬದಲಾಯಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದ ಮೇಲೆ, ಮತ್ತು ಹಳೆಯ ನೀರಿನಷ್ಟೇ ತಂಪಿದ್ದಾಗ. ಮುಚ್ಚಳ ಬಿಗಿಯಾಗಿರಲಿ, ಒದ್ದೆ ಮೈಯ ಮರಿ ಗಾಜಿನ ಗೋಡೆಯನ್ನೂ ಸಲೀಸಾಗಿ ಹತ್ತುತ್ತದೆ, ಹೊರಗೆ ಬಿದ್ದರೆ ಒಣಗಿ ಹೋಗುತ್ತದೆ. ಪದೇ ಪದೇ ಎತ್ತಿ ನೋಡಬೇಡಿ. ನೆಲಕ್ಕೆ ಬಂದ ಮೇಲೂ ಕೆಲವು ದಿನ ತಿನ್ನುವುದಿಲ್ಲ, ಕಿವಿರು ಮತ್ತು ಬಾಲದ ಪರೆ ಕರಗಿದ್ದೇ ಆಗ ಅದಕ್ಕೆ ಊಟ. ಆಮೇಲೆ ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಮಣ್ಣು ಕೀಟ, ರೆಕ್ಕೆಯಿಲ್ಲದ ಹಣ್ಣುನೊಣ, ಎಳೆ ಹುಳು ಕೊಡಬೇಕು.

ನೀರಿನ ಮಹತ್ವ ಗೊತ್ತಾದದ್ದೂ ಪ್ರಯೋಗಾಲಯದಲ್ಲಿ ಭ್ರೂಣಗಳು ಸತ್ತೇ. ಫ್ರೈಬುರ್ಗ್‌ನಲ್ಲಿ ವಿಜ್ಞಾನಿಗಳಾದ ಹಾನ್ಸ್ ಶ್ಪೇಮನ್ ಮತ್ತು ಹಿಲ್ಡೆ ಮಾಂಗೋಲ್ಡ್ ನ್ಯೂಟ್ ಭ್ರೂಣಗಳ ಮೇಲೆ ಮಾಡಿದ ಕೆಲಸ 1924ರಲ್ಲಿ ಪ್ರಕಟವಾಯಿತು, ಆ ಶೋಧಕ್ಕೆ ಶ್ಪೇಮನ್ ಅವರಿಗೆ 1935ರ ನೊಬೆಲ್ ಬಂತು. ಆದರೆ ಶಸ್ತ್ರಕ್ರಿಯೆ ಮಾಡಿದ ಭ್ರೂಣಗಳಲ್ಲಿ ಹೆಚ್ಚಿನವು ಬೆಳೆಯುವ ಮೊದಲೇ ಸಾಯುತ್ತಿದ್ದವು. 1931ರಲ್ಲಿ ಯೋಹಾನೆಸ್ ಹೋಲ್ಟ್‌ಫ್ರೇಟರ್ ಲವಣಗಳನ್ನು ಹದವಾಗಿ ಬೆರೆಸಿದ ದ್ರಾವಣ ಮಾಡಿದ ಮೇಲೆ ಅವು ಗಾಯ ಮಾಗಿ ಬದುಕತೊಡಗಿದವು. ಇಂದಿಗೂ ನ್ಯೂಟ್‌ನ ಹತ್ತಿರದ ಬಳಗದ ಆಕ್ಸೊಲಾಟಲ್ ಸಾಕುವ ಪ್ರಯೋಗಾಲಯಗಳಲ್ಲಿ ಆ ದ್ರಾವಣ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ.

ಬಿಸಿಲಿನ ಮಾತಿಗೆ ಬಂದರೆ, ಈ ಮರಿಗಳಿಗೆ 16ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. 24 ದಾಟಿದರೆ ತೊಂದರೆ ಶುರು. ನೀರು ಬಿಸಿಯಾದಂತೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾ ಹೆಚ್ಚಾಗುತ್ತದೆ. ಏಪ್ರಿಲ್‌ನ ಬೆಂಗಳೂರಿನಲ್ಲಿ, ಕಲಬುರಗಿಯಲ್ಲಂತೂ ಕೇಳುವುದೇ ಬೇಡ, ತಂಪು ಮಾಡುವ ಯಂತ್ರ ಇಲ್ಲದೆ ಇವನ್ನು ಸಾಕಲು ಆಗುವುದಿಲ್ಲ. ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಮೊದಲೇ ಯೋಚಿಸಿರಬೇಕು. ಸುಲಭ ಅನ್ನುವ ಮಾತು ಎಲ್ಲಿಂದ ಬಂತೋ ನನಗೆ ಅರ್ಥವಾಗಲಿಲ್ಲ.

ಹುಣ್ಣಿನ ವಿಷಯ ಈಗ ಹೇಳುತ್ತೇನೆ. 2010ರ ಸುಮಾರಿಗೆ ನೆದರ್ಲೆಂಡ್ಸ್‌ನ ದಕ್ಷಿಣದ ಕಾಡೊಂದರಲ್ಲಿ ನ್ಯೂಟ್ ಬಳಗದ್ದೇ ಆದ ಕಪ್ಪು ಹಳದಿ ಬಣ್ಣದ ಸಾಲಮಾಂಡರ್‌ಗಳು ಸಾಯುತ್ತಾ ಹೋಗಿ ಬಹುತೇಕ ಇಲ್ಲವಾದವು. 2013ರಲ್ಲಿ ಕಾರಣ ಸಿಕ್ಕಿತು. ಚರ್ಮ ತಿನ್ನುವ ಹೊಸ ಶಿಲೀಂಧ್ರ, ಚಿಕ್ಕದಾಗಿ ಬಿಸಾಲ್ ಅನ್ನುತ್ತಾರೆ. ಅದು ಏಷ್ಯಾದ ಮೂಲದ್ದು, ಸಾಕುಪ್ರಾಣಿ ವ್ಯಾಪಾರದ ಜೊತೆ ಯುರೋಪಿಗೆ ಬಂದಿರಬೇಕು ಅಂತ ವಿಜ್ಞಾನಿಗಳು ಹೇಳುತ್ತಾರೆ. ಏಷ್ಯಾದ ಕೆಲವು ನ್ಯೂಟ್‌ಗಳು ಅದನ್ನು ಹೊತ್ತುಕೊಂಡೂ ಆರೋಗ್ಯವಾಗೇ ಕಾಣುತ್ತವೆ. ನಮ್ಮ ಎಸ್ಸೆನ್ ಸುತ್ತಲಿನ ಕಾಡುಗಳಿಗೂ ಅದು ಬಂದಿದೆ, ಸತ್ತ ಸಾಲಮಾಂಡರ್‌ಗಳು ಸಿಕ್ಕಿವೆ. ಈ ಶಿಲೀಂಧ್ರ ನೀರಿನಲ್ಲಿರುವ ಸಾಲಮಾಂಡರ್ ಮರಿಗೆ ಹತ್ತುವುದಿಲ್ಲ, ರೂಪ ಬದಲಾಗಿ ಚರ್ಮ ಗಟ್ಟಿಯಾದ ಮೇಲೆ ಹತ್ತುತ್ತದೆ. ತಂಪಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, 25 ಡಿಗ್ರಿಯಲ್ಲಿ 10 ದಿನ ಇಟ್ಟರೆ ಸಾಯುತ್ತದೆ. ಆದರೆ ಎಲ್ಲಾ ಜಾತಿಗಳೂ ಆ ಬಿಸಿ ತಡೆಯುವುದಿಲ್ಲ. ಪರೀಕ್ಷೆ ಮಾಡಿಸಿ ವೈದ್ಯರ ಕಣ್ಗಾವಲಿನಲ್ಲಿ ಮಾಡಬೇಕಾದ ಕೆಲಸ ಇದು. ಅಮೆರಿಕ 2016ರಲ್ಲಿ ಇದೇ ಭಯಕ್ಕೆ 201 ಜಾತಿಯ ಸಾಲಮಾಂಡರ್‌ಗಳ ಆಮದನ್ನು ನಿಲ್ಲಿಸಿತು. ಯುರೋಪಿನ ಒಕ್ಕೂಟದಲ್ಲಿ 2018ರಿಂದ ವ್ಯಾಪಾರದ ಸಾಲಮಾಂಡರ್‌ಗಳಿಗೆ ಪ್ರತ್ಯೇಕವಾಸ, ಪರೀಕ್ಷೆ ಕಡ್ಡಾಯವಾಗಿದೆ.

ಕರ್ನಾಟಕದ ಕಾಡುಗಳಲ್ಲಿ ನ್ಯೂಟ್ ಇಲ್ಲ. ಆದರೆ ಕಪ್ಪೆಗಳು ಇವೆ, ನಮ್ಮ ಮಲೆನಾಡಿನ ಕಪ್ಪೆಗಳ ಹಾಗೆ ಬೇರೆಲ್ಲೂ ಇಲ್ಲದ ಜಾತಿಗಳು. ಕಪ್ಪೆಗಳನ್ನು ಕೊಲ್ಲುವ ಇನ್ನೊಂದು ಶಿಲೀಂಧ್ರ ಜಗತ್ತಿನ ಎಷ್ಟೋ ಕಡೆ ಹಾಳು ಮಾಡಿದೆ. ಹೊರಗಿನಿಂದ ತಂದ ಪ್ರಾಣಿಯ ತೊಟ್ಟಿ ನೀರನ್ನು ತೋಟಕ್ಕೋ ಚರಂಡಿಗೋ ಸುರಿಯುವುದನ್ನು ನೆನೆದರೆ ನನಗೆ ಭಯವಾಗುತ್ತದೆ. ನಮ್ಮ ದೇಶದ ನ್ಯೂಟ್‌ಗಳು ಇರುವುದು ಪೂರ್ವ ಹಿಮಾಲಯದ ಕಡೆ, ಡಾರ್ಜಿಲಿಂಗ್ ಬೆಟ್ಟಗಳ ಕೊಳಗಳಲ್ಲಿ. ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದಿವೆ. ಹಿಡಿಯುವುದು, ಸಾಕುವುದು ಅಪರಾಧ. ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಹಿಮಾಲಯನ್ ಝೂಲಾಜಿಕಲ್ ಪಾರ್ಕ್‌ನಲ್ಲಿ ಅವುಗಳ ಸಂತಾನ ಹೆಚ್ಚಿಸುವ ಕೆಲಸ ನಡೆದಿದೆ, ಮರಿ ಬೆಳೆಸುವ ನಿಜವಾದ ಅನುಭವ ಅಲ್ಲಿದೆ. ನಿಮ್ಮ ವರದಿಗಾರರು ಒಮ್ಮೆ ಅಲ್ಲಿಯವರ ಜೊತೆ ಮಾತಾಡಿ ಬರೆದರೆ ಕನ್ನಡದ ಓದುಗರಿಗೆ ಅಂಗಡಿಯ ಸಲಹೆಗಿಂತ ಎಷ್ಟೋ ಒಳ್ಳೆಯದು ಸಿಗುತ್ತದೆ.

ಈಗಾಗಲೇ ಮನೆಯಲ್ಲಿ ನ್ಯೂಟ್ ಇರುವವರಿಗೆ ನನ್ನದು ಎರಡೇ ಬೇಡಿಕೆ. ಸಾಕಲಾಗದಿದ್ದರೆ ಕೆರೆಗೋ ಹೊಳೆಗೋ ಬಿಡಬೇಡಿ. ಮರಿ ಸತ್ತರೆ ತೊಟ್ಟಿಯ ಸಾಮಾನನ್ನು ಬ್ಲೀಚ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ, ಪಕ್ಕದ ತೊಟ್ಟಿಗೆ ಅದೇ ಬಲೆ ಹಾಕಬೇಡಿ. ಮತ್ತು ಸಂಪಾದಕರೇ, ಆ ಔಷಧಿಯ ಸಲಹೆಗೆ ಮುಂದಿನ ಭಾನುವಾರವೇ ಒಂದು ತಿದ್ದುಪಡಿ ಹಾಕಿ. ಮೊಟ್ಟೆಯಿಂದ ಬಂದ ಮರಿಗಳು ಈಗ ಯಾರ ಮನೆಯಲ್ಲಾದರೂ ಆ ಹಂತಕ್ಕೆ ಬರುತ್ತಿರಬಹುದು.

ಇಂತಿ,
ಓದುಗರೊಬ್ಬರು
ಎಸ್ಸೆನ್, ಜರ್ಮನಿ