ಹಸಿ ಕಸವೋ ಒಣ ಕಸವೋ, ಮೊದಲು ಅದನ್ನು ಹೇಳಿ

ಮಾನ್ಯ ಸಂಪಾದಕರೇ,

ತೆಳು ಪದರದ ಸೋಲಾರ್, ಅಂದರೆ ಬಿಸಿಲಿನಿಂದ ಕರೆಂಟ್ ಮಾಡುವ ವಸ್ತುವನ್ನು ತೆಳ್ಳಗೆ ಬಳಿದ ಫಲಕ, ಅದರ ಬಗ್ಗೆ ಸೋಮವಾರ ನಿಮ್ಮಲ್ಲಿ ಬಂದ ವರದಿ ಓದಿದೆ. ಫೋಟೊದಲ್ಲಿ ಒಬ್ಬರು ಸೋಲಾರ್ ಹಾಳೆಯನ್ನು ಚಾಪೆ ಥರ ಸುತ್ತಿ ಹಿಡಿದು ನಗುತ್ತಿದ್ದಾರೆ. ಕೆಟ್ಟುಹೋದ ಅಂಥವೇ ಎರಡು ಹಾಳೆ ಸುತ್ತಿಕೊಂಡು ಇವತ್ತು ಬೆಳಿಗ್ಗೆ ನಾನೂ ನಮ್ಮ ಎರಡನೇ ಕ್ರಾಸಿನಲ್ಲಿ ನಿಂತಿದ್ದೆ. ನಗು ಮಾತ್ರ ಬರಲಿಲ್ಲ. ಕಸದ ಆಟೊದವರು ಮುಟ್ಟಿಯೂ ನೋಡಲಿಲ್ಲ. "ಇದು ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ ಸಾರ್" ಅಂದವರೇ ಹಾಡು ಹಾಕಿಕೊಂಡು ಹೊರಟರು.

ನಮ್ಮದು ಶೀಟಿನ ಮನೆ. ಗಾಜಿನ ಪ್ಯಾನೆಲ್ ಒಂದೊಂದೂ ಸುಮಾರು 20 ಕೆಜಿ ತೂಗುತ್ತದೆ, ಶೀಟು ತಡೆಯುವುದಿಲ್ಲ. ಅದಕ್ಕೇ ಅಂಗಡಿಯವನ ಮಾತು ಕೇಳಿ ಅಂಟಿಸುವ ಹಾಳೆ ಹಾಕಿಸಿದೆ. ಇದರೊಳಗಿನ ಪದರ ಮಾಮೂಲಿ ಪ್ಯಾನೆಲ್ಲಿನ ಸಿಲಿಕಾನ್ ಬಿಲ್ಲೆಯ ನೂರನೇ ಒಂದು ಪಾಲೂ ದಪ್ಪ ಇಲ್ಲ ಅಂದಿದ್ದ. ಅದೇನೂ ಸುಳ್ಳಲ್ಲ. ಆದರೆ ಮೂರೇ ತಿಂಗಳಿಗೆ ಫ್ಯಾನ್ ತೂಕಡಿಸತೊಡಗಿತು. ಈ ಹಾಳೆಯಲ್ಲಿರುವ ಅಮಾರ್ಫಸ್ ಸಿಲಿಕಾನ್, ಅಂದರೆ ಹರಳಿನ ರೂಪ ಇಲ್ಲದ ಸಿಲಿಕಾನ್, ಬಿಸಿಲು ಕಂಡ ಮೊದಲ ತಿಂಗಳುಗಳಲ್ಲೇ ಒಂದಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಇದು 1977ರಲ್ಲೇ ಗೊತ್ತಾದ ವಿಷಯ ಅಂತ ಮಗಳು ಹೇಳಿದಳು. ಅಂಗಡಿಯವನಿಗೆ 1977 ಇನ್ನೂ ಬಂದಿಲ್ಲ. ಎರಡನೇ ಮಳೆಗಾಲಕ್ಕೆ ಅಂಚು ಎದ್ದು, ಒಳಗೆ ನೀರು ಹೋಗಿ, ಹಾಳೆ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು. ಮಗಳು ಪರೀಕ್ಷೆಗೆ ಮೊಬೈಲ್ ಬೆಳಕಲ್ಲಿ ಓದಿದಳು. ದೂರು ಕೊಡೋಣ ಅಂತ ಹೋದರೆ ಸೋಲಾರ್ ಅಂಗಡಿ ಇದ್ದ ಜಾಗದಲ್ಲಿ ಈಗ ಜ್ಯೂಸ್ ಅಂಗಡಿ.

ಪೆರೋವ್‌ಸ್ಕೈಟ್ ಅನ್ನೋ ಹೊಸ ಬಗೆಯ ತೆಳು ಪದರ ಬಿಸಿಲನ್ನು ಕರೆಂಟ್ ಮಾಡುವ ಪ್ರಮಾಣ 2009ರಲ್ಲಿ ಶೇ 3.8 ಇದ್ದದ್ದು ಈಗ ಶೇ 26 ದಾಟಿದೆ ಅಂತ ಬರೆದಿದ್ದೀರಿ. ಬಹಳ ಸಂತೋಷ. ಆ ದಾಖಲೆ ಉಗುರಿನಷ್ಟು ತುಂಡಿನದು ಅಂತಲೂ ಒಂದು ಸಾಲು ಬರೆಯಬಹುದಿತ್ತು, ಅಲ್ವಾ? ತೇವ ಆಗದು, ಶಾಖ ಆಗದು, ಒಳಗೆ ಸೀಸ ಬೇರೆ. ಇನ್ನು ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ವರ್ಷಗಟ್ಟಲೆ ದುಡಿದು ತೋರಿಸಿದ ತೆಳು ಪದರ ಅಂದರೆ ಕ್ಯಾಡ್ಮಿಯಂ ಟೆಲ್ಯುರೈಡ್ ಅನ್ನೋ ಸಂಯುಕ್ತದ್ದು. ಅದೂ ಎರಡು ಗಾಜಿನ ನಡುವೆಯೇ ಕೂತಿರುತ್ತದೆ. ಪದರ ತೆಳು, ಪ್ಯಾನೆಲ್ ಅಷ್ಟೇ ಭಾರ. ಶೀಟಿನ ಮನೆಯವರು ಏನು ಮಾಡಬೇಕು?

ಸೋಲಾರ್ ಫಲಕಗಳು 2022ರ ಇ-ತ್ಯಾಜ್ಯ ನಿಯಮದೊಳಗೆ ಬಂದಿವೆ. ಸತ್ತ ಫಲಕಗಳನ್ನು ತಯಾರಕರು 2034-35ರವರೆಗೆ ಕೂಡಿಟ್ಟುಕೊಳ್ಳಬೇಕಂತೆ. ನನ್ನ ಹಾಳೆಯ ಮೇಲೆ ತಯಾರಕರ ಹೆಸರೇ ಇಲ್ಲ. ಸದ್ಯಕ್ಕೆ ಮಂಚದ ಕೆಳಗೆ ನಾನೇ ಕೂಡಿಟ್ಟಿದ್ದೇನೆ. ಕಚೇರಿಗೆ ಹೋದರೆ ಈ ಟೇಬಲ್ಲಿನವರು ಆ ಟೇಬಲ್ ತೋರಿಸಿದರು, ಆ ಟೇಬಲ್ಲಿನವರು ಊಟಕ್ಕೆ ಹೋಗಿದ್ದರು. ಇದೇ ಕಚೇರಿಗೆ, ನಮ್ಮ ಬೀದಿದೀಪ ಹಗಲೆಲ್ಲ ಉರಿಯುತ್ತದೆ ಅಂತ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರೂ "ಪರಿಶೀಲನೆಯಲ್ಲಿವೆ". ಪಾವಗಡದ ಸೋಲಾರ್ ಪಾರ್ಕಿನಲ್ಲಿ 2,050 ಮೆಗಾವಾಟ್ ಅಂತ ಭಾಷಣ ಮಾಡುವವರು ಒಮ್ಮೆ ಬಂದು, ನಡು ಮಧ್ಯಾಹ್ನ ಸೂರ್ಯನಿಗೇ ದಾರಿ ತೋರಿಸುತ್ತಿರುವ ಈ ದೀಪ ನೋಡಿಕೊಂಡು ಹೋಗಲಿ.

ಕಂಡಕಂಡದ್ದನ್ನು ಮಾರುವವರ ಮೇಲೆ ಸಂಬಂಧಪಟ್ಟವರು ಕ್ರಮ ತಗೊಳ್ಳಲಿ. ಆಗದಿದ್ದರೆ ಹಾಳೆಯನ್ನಾದರೂ ತಗೊಂಡು ಹೋಗಲಿ. ಬೀದಿದೀಪದ ಸ್ವಿಚ್ ಎಲ್ಲಿದೆ ಅಂತ ಹೇಳಿದರೆ ನಾನೇ ಆರಿಸುತ್ತೇನೆ.

— ಎರಡನೇ ಕ್ರಾಸಿನ ಓದುಗ